ದುರಸ್ತಿಯಾದ ಸೆಸ್ನಾ 172ರ ಮೊದಲ ಹಾರಾಟವನ್ನು ಹೇಗೆ ಮಾಡಬೇಕು?

ಮೋಡದಂಚು ಬರೆಯುತ್ತಾರೆ:

ನಾನು ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿರುವ ಕನ್ನಡಿಗ; ಖಾಸಗಿ ಪೈಲಟ್ ಪರವಾನಗಿ ಇದೆ. ಇಬ್ಬರು ಸ್ನೇಹಿತರ ಜೊತೆ ಸೇರಿ 1982ರ ಸೆಸ್ನಾ 172ಪಿ ಎಂಬ ಒಂದೇ ಇಂಜಿನ್ನಿನ ಸಣ್ಣ ವಿಮಾನವೊಂದನ್ನು ಇಟ್ಟುಕೊಂಡಿದ್ದೇವೆ. ಈ ಸಲದ ವಾರ್ಷಿಕ ತಪಾಸಣೆಯಲ್ಲಿ ಅದರ ಲೈಕಮಿಂಗ್ ಓ-320 ಇಂಜಿನ್ನಿನ ಎಡಬದಿಯ ಎರಡೂ ಸಿಲಿಂಡರುಗಳಲ್ಲಿ ಎಕ್ಸಾಸ್ಟ್ ವಾಲ್ವಿನ ಮೂಲಕ ಒತ್ತಡ ಸೋರುತ್ತಿರುವುದು ಕಂಡುಬಂದದ್ದರಿಂದ ಅವನ್ನು ತೆಗೆದು ಹೊಸ ಸಿಲಿಂಡರುಗಳನ್ನು ಕೂರಿಸಲಾಗಿದೆ. ಸ್ಪಾರ್ಕ್ ಪ್ಲಗ್ಗುಗಳಿಗೆ ಕಿಡಿಯ ವಿದ್ಯುತ್ತು ಒದಗಿಸುವ ಮ್ಯಾಗ್ನೆಟೊಗಳೆರಡನ್ನೂ 500 ಗಂಟೆಗಳ ತಪಾಸಣೆಗೆಂದು ಬಿಚ್ಚಿ ಮತ್ತೆ ಜೋಡಿಸಿದ್ದಾರೆ. ಇದರ ಜೊತೆಗೆ, ರಾಟೆಯೊಂದರ ಬಳಿ ಐಲೆರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿರುವ ಚಲಿಸುವ ಫಲಕ) ಕೇಬಲ್ಲಿನ ಎಳೆಗಳು ಸವೆದು ಕಿತ್ತುಹೋಗಿದ್ದ ಕಾರಣ ಆ ಕೇಬಲ್ಲುಗಳನ್ನೂ ಬದಲಿಸಿದ್ದಾರೆ. ಬಿಡಿಭಾಗಗಳು ಬರುವುದು ತಡವಾಗಿ ವಿಮಾನ ತಿಂಗಳುಗಟ್ಟಲೆ ಹ್ಯಾಂಗರಿನಲ್ಲಿಯೇ ನಿಂತಿತ್ತು. ಆ ಅವಧಿಯಲ್ಲಿ ನಾವು ಮೂವರೂ ಹಾರಿದವರಲ್ಲ.

ಈಗ ಮೆಕ್ಯಾನಿಕ್ ಲಾಗ್‌ಬುಕ್ಕಿನಲ್ಲಿ ಸಹಿ ಮಾಡಿ, ವಿಮಾನವನ್ನು ತೆಗೆದುಕೊಂಡು ಹೋಗಬಹುದೆಂದು ತಿಳಿಸಿದ್ದಾರೆ. ಇಂಥ ಮೊದಲ ಹಾರಾಟ ನಿತ್ಯದ ಹಾರಾಟದಂತಲ್ಲ ಎನ್ನುವಷ್ಟು ಮಾತ್ರ ನನಗೆ ಗೊತ್ತು. ನೆಲದ ಮೇಲೆ ಏನನ್ನು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕು? ಇಂಜಿನ್ನನ್ನು ನೆಲದ ಮೇಲೆಯೇ ಸಾಕಷ್ಟು ಹೊತ್ತು ಓಡಿಸಿ ನೋಡುವುದು ಕ್ಷೇಮವೆಂದು ಒಬ್ಬರು ಹೇಳಿದರೆ, ಹೊಸ ಸಿಲಿಂಡರುಗಳನ್ನು ನೆಲದ ಮೇಲೆ ಓಡಿಸುವುದೇ ತಪ್ಪೆಂದು ಇನ್ನೊಬ್ಬರು ಹೇಳುತ್ತಾರೆ. ಇವೆರಡನ್ನೂ ಹೊಂದಿಸುವುದು ಹೇಗೆ? ಪಾಲುದಾರರಲ್ಲಿ ಒಬ್ಬರು ಮಾಪಕಗಳನ್ನು ನೋಡಿಕೊಳ್ಳಲು ಬಲಗಡೆ ಕೂರುವುದಾಗಿ ಹೇಳುತ್ತಿದ್ದಾರೆ, ಮೆಕ್ಯಾನಿಕ್ ಕೂಡ ಬರಲು ಸಿದ್ಧರಿದ್ದಾರೆ. ಯಾರನ್ನು ಕರೆದೊಯ್ಯಬಹುದು, ಯಾರನ್ನು ಒಯ್ಯಬಾರದು? ನಮ್ಮ ರನ್‌ವೇ ಸುಮಾರು 5000 ಅಡಿ ಉದ್ದವಿದ್ದು, ಸುತ್ತ ಹೆಚ್ಚಾಗಿ ಹೊಲಗಳಿವೆ. ನಾಲ್ಕೂ ಸಿಲಿಂಡರುಗಳ ಉಷ್ಣತೆಯನ್ನು ತೋರಿಸುವ ಇಂಜಿನ್ ಮಾನಿಟರ್ ವಿಮಾನದಲ್ಲಿದೆ.


ತಾಮ್ರತಂತಿ ಉತ್ತರಿಸುತ್ತಾರೆ:

ಬೆಂಗಳೂರಿನಲ್ಲಿ ತರಬೇತಿ ವಿಮಾನಗಳ ನಿರ್ವಹಣಾ ಇಂಜಿನಿಯರನಾಗಿ ಬಹುಕಾಲ ದುಡಿದವನ ನೆಲೆಯಿಂದ ಬರೆಯುತ್ತಿದ್ದೇನೆ. ಅಮೆರಿಕದ ಕಾನೂನಿನ ಭಾಗವನ್ನು ಅಲ್ಲಿಯವರು ಹೇಳುವುದು ಒಳ್ಳೆಯದು.

ನನ್ನ ಅಭಿಪ್ರಾಯದಲ್ಲಿ ಪರೀಕ್ಷಾ ಹಾರಾಟದ ಮುಕ್ಕಾಲು ಪಾಲು ಹ್ಯಾಂಗರಿನಲ್ಲಿಯೇ ಮುಗಿದಿರಬೇಕು. ನೆಲದ ಮೇಲೆ ತಿಳಿಯಬಹುದಾಗಿದ್ದ ಯಾವ ಸಂಗತಿಯನ್ನೂ ಗಾಳಿಯಲ್ಲಿ ಮೊದಲ ಬಾರಿಗೆ ಕಂಡುಕೊಳ್ಳುವಂತಾಗಬಾರದು. ಆದ್ದರಿಂದ ಮೊದಲು ಲಾಗ್‌ಬುಕ್ಕನ್ನು ಹಿಡಿದು ಮೆಕ್ಯಾನಿಕ್ ಜೊತೆ ಕುಳಿತುಕೊಳ್ಳಿ. ಯಾವ ಭಾಗವನ್ನು ಬದಲಿಸಿದರು ಎಂದು ಕೇಳಿದರೆ ಸಾಲದು, ಅದನ್ನು ತಲುಪುವುದಕ್ಕಾಗಿ ಏನೇನನ್ನು ಕಳಚಿದರು ಎಂದೂ ಕೇಳಬೇಕು. ಸಿಲಿಂಡರ್ ತೆಗೆಯಬೇಕಾದರೆ ಎಕ್ಸಾಸ್ಟ್ ಕೊಳವೆ, ಇನ್‌ಟೇಕ್ ಕೊಳವೆ, ಎಣ್ಣೆ ಹಿಂತಿರುಗುವ ಸಣ್ಣ ಕೊಳವೆ, ಪುಶ್‌ರಾಡ್ ಕೊಳವೆಗಳು, ಸ್ಪಾರ್ಕ್ ಪ್ಲಗ್ಗಿನ ತಂತಿಗಳು, ಉಷ್ಣತೆಯ ಪ್ರೋಬ್, ಗಾಳಿಯನ್ನು ಸಿಲಿಂಡರಿನತ್ತ ತಿರುಗಿಸುವ ತಗಡಿನ ತಡೆಗಳು ಇವೆಲ್ಲವೂ ಬಿಚ್ಚಿಕೊಳ್ಳುತ್ತವೆ. ಕೇಬಲ್ ಎಳೆಯಬೇಕಾದರೆ ರೆಕ್ಕೆಯ ಕೆಳಗಿನ ಮುಚ್ಚಳಗಳು ತೆರೆಯುತ್ತವೆ, ಒಳಚಾವಣಿ ಸಡಿಲವಾಗುತ್ತದೆ, ಕೆಲವೊಮ್ಮೆ ಆಸನಗಳೂ ಹೊರಗೆ ಬರುತ್ತವೆ. ಸೆಸ್ನಾಗಳಲ್ಲಿ ಆಸನದ ಹಳಿ ಸವೆದು ಟೇಕಾಫ್ ಸಮಯದಲ್ಲಿ ಆಸನ ಹಿಂದಕ್ಕೆ ಜಾರಿ ಪೈಲಟ್ ನಿಯಂತ್ರಣ ಕಳೆದುಕೊಂಡ ಅಪಘಾತಗಳು ನಡೆದದ್ದರಿಂದಲೇ ಆ ಹಳಿಗಳ ತಪಾಸಣೆಯನ್ನು ಅಮೆರಿಕದ ವಾಯುಯಾನ ಆಡಳಿತ ಬಹಳ ಹಿಂದೆಯೇ ಕಡ್ಡಾಯ ಮಾಡಿದೆ. ಆಸನವನ್ನು ತೆಗೆದು ಹಾಕಿದ್ದರೆ ಅದರ ಪಿನ್ನು ಹಳಿಯ ತೂತಿನಲ್ಲಿ ನಿಜವಾಗಿಯೂ ಕೂತಿದೆಯೇ ಎಂದು ಮೈಬಲ ಹಾಕಿ ಹಿಂದಕ್ಕೆ ನೂಕಿ ನೋಡಿ.

ನಿಮ್ಮ ಪಟ್ಟಿಯಲ್ಲಿ ನನ್ನನ್ನು ಅತಿ ಹೆಚ್ಚು ಚಿಂತೆಗೀಡು ಮಾಡುವುದು ಇಂಜಿನ್ನಲ್ಲ, ಐಲೆರಾನ್ ಕೇಬಲ್. ಇಂಜಿನ್ ನಿಂತರೆ ವಿಮಾನ ತೇಲುತ್ತಾ ಹೊಲಕ್ಕಿಳಿಯಬಹುದು. ಕೇಬಲ್ಲುಗಳು ಅದಲುಬದಲಾಗಿದ್ದರೆ ನೆಲ ಬಿಟ್ಟ ಕ್ಷಣದಿಂದಲೇ ಪೈಲಟ್ ತನ್ನ ಕೈಯಾರೆ ವಿಮಾನವನ್ನು ತಪ್ಪು ದಿಕ್ಕಿಗೆ ಉರುಳಿಸುತ್ತಾನೆ. 2018ರ ನವೆಂಬರ್ 11ರಂದು ಏರ್ ಅಸ್ತಾನಾ ಸಂಸ್ಥೆಯ ಎಂಬ್ರೇಯರ್ 190 ವಿಮಾನವೊಂದು ಪೋರ್ಚುಗಲ್ಲಿನ ಆಲ್ವೆರ್ಕಾದಲ್ಲಿ ದೊಡ್ಡ ನಿರ್ವಹಣೆ ಮುಗಿಸಿ ಹೊರಟಾಗ ಅದರ ಐಲೆರಾನ್ ಕೇಬಲ್ಲುಗಳು ಅದಲುಬದಲಾಗಿದ್ದವು. ಹ್ಯಾಂಗರಿನ ತಪಾಸಣೆಯಲ್ಲಾಗಲೀ ಟೇಕಾಫಿಗೆ ಮುಂಚೆ ಪೈಲಟ್‌ಗಳು ಮಾಡಿದ ಪರೀಕ್ಷೆಯಲ್ಲಾಗಲೀ ಅದು ಸಿಕ್ಕಿಬೀಳಲಿಲ್ಲ. ಒಳಗಿದ್ದ ಆರು ಮಂದಿ ಬದುಕಿದ್ದು ಪೈಲಟ್‌ಗಳು ಗಾಳಿಯಲ್ಲಿಯೇ ವಿಮಾನದ ವರ್ತನೆಯನ್ನು ಕಲಿತುಕೊಂಡು, ಹಲವು ಪ್ರಯತ್ನಗಳ ನಂತರ ಬೇಜಾ ವಾಯುನೆಲೆಯಲ್ಲಿ ಇಳಿಸಿದ್ದರಿಂದ. ಅವರಿಗೆ ಎತ್ತರವೂ ಸಮಯವೂ ಇತ್ತು, ಅಷ್ಟೇ.

‘ನಿಯಂತ್ರಣಗಳು ಮುಕ್ತವಾಗಿವೆ, ಸರಿಯಾಗಿವೆ’ ಎಂದು ಚೆಕ್‌ಲಿಸ್ಟ್ ಓದುವಾಗ ನಮ್ಮ ಕಣ್ಣು ಸಾಮಾನ್ಯವಾಗಿ ‘ಮುಕ್ತವಾಗಿವೆ’ ಎಂಬಲ್ಲಿಗೇ ನಿಂತುಬಿಡುತ್ತದೆ. ಸರಿಯಾಗಿವೆಯೇ ಎನ್ನುವುದಕ್ಕೆ ಹಳೆಯ ಉಪಾಯವೊಂದಿದೆ. ನಿಯಂತ್ರಣದ ಹಿಡಿಕೆಯನ್ನು ಎರಡೂ ಕೈಗಳಲ್ಲಿ ಹಿಡಿದು ಹೆಬ್ಬೆರಳುಗಳನ್ನು ಮೇಲಕ್ಕೆ ಚಾಚಿ. ಎಡಕ್ಕೆ ತಿರುಗಿಸಿದಾಗ ಹೆಬ್ಬೆರಳು ಎಡರೆಕ್ಕೆಯತ್ತ ವಾಲುತ್ತದೆ, ಆ ರೆಕ್ಕೆಯ ಐಲೆರಾನೇ ಮೇಲೆದ್ದಿರಬೇಕು, ಬಲಗಡೆಯದು ಕೆಳಗಿಳಿದಿರಬೇಕು. ಹಿಡಿಕೆಯನ್ನು ಎಳೆದರೆ ಬಾಲದಲ್ಲಿದ್ದು ಮೂಗನ್ನು ಏರಿಳಿಸುವ ಎಲಿವೇಟರ್ ಫಲಕದ ಹಿಂಬದಿ ಮೇಲೇಳಬೇಕು. ಹಿಡಿಕೆಯ ಮೇಲಿನ ಒತ್ತಡ ತಗ್ಗಿಸುವ ಟ್ರಿಮ್ ಚಕ್ರವನ್ನು ಮೂಗು ಮೇಲೇಳುವ ದಿಕ್ಕಿಗೆ ತಿರುಗಿಸಿದರೆ ಬಲಗಡೆಯ ಎಲಿವೇಟರಿನಲ್ಲಿರುವ ಟ್ಯಾಬ್ ಎಂಬ ಸಣ್ಣ ಪಟ್ಟಿ ಕೆಳಗಿಳಿಯಬೇಕು. ಇದು ಹಲವರಿಗೆ ತಿರುಗುಮುರುಗಾಗಿ ಕಾಣುತ್ತದಾದ್ದರಿಂದ ನಿಧಾನವಾಗಿ ನೋಡಿ. ಒಬ್ಬರು ಒಳಗೆ ಕುಳಿತು ತಾವು ಮಾಡುತ್ತಿರುವುದನ್ನು ಗಟ್ಟಿಯಾಗಿ ಹೇಳಲಿ, ಇನ್ನೊಬ್ಬರು ಹೊರಗೆ ನಿಂತು ತಮಗೆ ಕಂಡದ್ದನ್ನು ಹೇಳಲಿ. ಒಳಗಿನವರು ‘ಎಡಗಡೆಯದು ಮೇಲೆದ್ದಿತೆ?’ ಎಂದು ಕೇಳಿ, ಹೊರಗಿನವರು ‘ಹೌದು’ ಎನ್ನುವ ಪದ್ಧತಿ ಬೇಡ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದರೆ ‘ಹೌದು’ ಎನ್ನುವುದು ಬಹಳ ಸುಲಭ.

ಭಾರತದಲ್ಲಿ ನಿಯಂತ್ರಣ ವ್ಯವಸ್ಥೆಗೆ ಕೈಹಚ್ಚಿದ ಮೇಲೆ, ಕೆಲಸ ಮಾಡಿದವರಲ್ಲದ ಮತ್ತೊಬ್ಬರು ಸ್ವತಂತ್ರವಾಗಿ ಪರಿಶೀಲಿಸಿ ಸಹಿ ಮಾಡುವ ಎರಡನೆಯ ತಪಾಸಣೆ ಇದೆ. ನಿಮ್ಮಲ್ಲಿ ಖಾಸಗಿ ಸಣ್ಣ ವಿಮಾನಗಳಿಗೆ ಅದು ಕಡ್ಡಾಯವಲ್ಲವೆಂದು ಕೇಳಿದ್ದೇನೆ. ಕಡ್ಡಾಯವಲ್ಲದಿದ್ದರೂ ಬೇರೊಬ್ಬ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟಾದರೂ ಮಾಡಿಸಿ. ಕೇಬಲ್ಲಿನ ಬಿಗಿತ ಹೊಂದಿಸುವ ಟರ್ನ್‌ಬಕಲ್ಲುಗಳ ಎರಡೂ ತುದಿಗಳಲ್ಲಿ ಮೂರಕ್ಕಿಂತ ಹೆಚ್ಚು ತಿರುಪಿನ ಸುತ್ತುಗಳು ಹೊರಗೆ ಕಾಣಬಾರದು, ಅವು ತಿರುಗದಂತೆ ಬಿಗಿದ ತಂತಿ ಅಥವಾ ಕ್ಲಿಪ್ ಇರಬೇಕು, ಪ್ರತಿ ರಾಟೆಯಲ್ಲೂ ಕೇಬಲ್ ಅದರ ತೋಡಿನೊಳಗೇ ಇದ್ದು ಹೊರಕ್ಕೆ ಜಿಗಿಯದಂತೆ ತಡೆಯುವ ಪಿನ್ನು ತನ್ನ ಜಾಗದಲ್ಲಿರಬೇಕು. ಮುಚ್ಚಳಗಳನ್ನು ಹಾಕುವುದಕ್ಕೆ ಮುಂಚೆ ಇವನ್ನೆಲ್ಲ ನೀವೇ ಟಾರ್ಚ್ ಹಿಡಿದು ನೋಡುವುದರಿಂದ ಯಾವ ಮೆಕ್ಯಾನಿಕ್‌ಗೂ ಅವಮಾನವಾಗುವುದಿಲ್ಲ; ಆಗುವುದಾದರೆ ಮೆಕ್ಯಾನಿಕ್ಕನ್ನೇ ಬದಲಿಸುವುದು ಲೇಸು.

ಇನ್ನು ಇಂಜಿನ್. ನಿಮಗೆ ಸಿಕ್ಕಿರುವ ಎರಡು ಸಲಹೆಗಳೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಹೊಸ ಸಿಲಿಂಡರಿನ ಒಳಗೋಡೆಯಲ್ಲಿ ಸಾಣೆಯಿಂದ ಕೊರೆದ ಸೂಕ್ಷ್ಮ ಗೀರುಗಳಿರುತ್ತವೆ. ಪಿಸ್ಟನ್ ಉಂಗುರಗಳು ಆ ಗೀರುಗಳ ತುದಿಗಳನ್ನು ಸವೆಸಿಕೊಂಡು ಗೋಡೆಗೆ ಕೂಡಿಕೊಳ್ಳಬೇಕಾದರೆ ಉರಿಯುವ ಅನಿಲದ ಹೆಚ್ಚಿನ ಒತ್ತಡ ಅವನ್ನು ಹೊರಕ್ಕೆ ಒತ್ತುತ್ತಿರಬೇಕು. ಹೊಸ ಒಳಕಲ್ಲನ್ನು ಪಳಗಿಸಲು ಗಟ್ಟಿಯಾಗಿ ರುಬ್ಬಬೇಕಾದಂತೆ, ಇಲ್ಲಿಯೂ ಮೆಲ್ಲಗೆ ಓಡಿಸುವುದು ಉಪಕಾರವಲ್ಲ. ನೆಲದ ಮೇಲೆ ಕಡಿಮೆ ಶಕ್ತಿಯಲ್ಲಿ ಬಹಳ ಹೊತ್ತು ಓಡಿಸಿದರೆ ಉಂಗುರಗಳಿಗೆ ಒತ್ತಡ ಸಿಗುವುದಿಲ್ಲ, ತಂಪುಮಾಡುವ ಗಾಳಿಯೂ ಸಾಲುವುದಿಲ್ಲ. ಗೋಡೆಯ ಮೇಲಿನ ಎಣ್ಣೆ ಸುಟ್ಟು ಗೀರುಗಳಲ್ಲಿ ಗಾಜಿನಂಥ ಪದರವಾಗಿ ಗಟ್ಟಿಯಾಗುತ್ತದೆ. ಆಮೇಲೆ ಆ ಸಿಲಿಂಡರ್ ಎಣ್ಣೆ ಕುಡಿಯುತ್ತಲೇ ಇರುತ್ತದೆ; ಮತ್ತೆ ಬಿಚ್ಚಿ ಸಾಣೆ ಹಿಡಿಯದೆ ಬೇರೆ ದಾರಿಯಿಲ್ಲ.

ಹಾಗೆಂದು ಪರೀಕ್ಷಿಸದೆ ಹಾರುವುದು ಸಾಧ್ಯವಿಲ್ಲ. ಆದ್ದರಿಂದ ನೆಲದ ಓಟವನ್ನು ಚಿಕ್ಕ ಚಿಕ್ಕದಾಗಿ, ಉದ್ದೇಶಪೂರ್ವಕವಾಗಿ ಮಾಡಬೇಕು. ಮೇಲಿನ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಸ್ಟಾರ್ಟರಿನಿಂದ ತಿರುಗಿಸುತ್ತಾ ಎಣ್ಣೆಯ ಒತ್ತಡ ಮಾಪಕದಲ್ಲಿ ಕಾಣುವವರೆಗೆ ಮುಂಚಿತವಾಗಿ ಎಣ್ಣೆ ಹಾಯಿಸುವ ಕೆಲಸ ತಿಂಗಳುಗಟ್ಟಲೆ ನಿಂತ ಇಂಜಿನ್ನಿಗೆ ಅವಶ್ಯ. ಮ್ಯಾಗ್ನೆಟೊ ಕೆಲಸ ನಡೆದಿರುವುದರಿಂದ ಪ್ರೊಪೆಲ್ಲರಿನ ಹತ್ತಿರ ಯಾವ ಕ್ಷಣವೂ ಅದು ತಾನಾಗಿ ತಿರುಗಿಬಿಡಬಹುದೆಂದೇ ನಡೆದುಕೊಳ್ಳಿ. ಮೊದಲ ಸ್ಟಾರ್ಟ್ ಆದ 30 ಸೆಕೆಂಡಿನೊಳಗೆ ಎಣ್ಣೆಯ ಒತ್ತಡ ಕಾಣಿಸದಿದ್ದರೆ ನಿಲ್ಲಿಸಿ. ಮೂಗನ್ನು ಗಾಳಿಗೆ ಮುಖಮಾಡಿ, ಇಂಜಿನ್ನಿನ ಹೊದಿಕೆಯಾದ ಕೌಲಿಂಗ್ ಹಾಕಿಕೊಂಡೇ, ಕೆಲವೇ ನಿಮಿಷ ಓಡಿಸಿ ನಿಲ್ಲಿಸಿ. ಕೌಲಿಂಗ್ ಬಿಚ್ಚಿ ಎಣ್ಣೆಯೋ ಪೆಟ್ರೋಲೋ ಸೋರಿದೆಯೇ, ಎಕ್ಸಾಸ್ಟಿನ ಕೂಡುಗಳಲ್ಲಿ ಹೊಗೆಯ ಕಲೆಯಿದೆಯೇ ಎಂದು ನೋಡಿ. ತಣಿದ ನಂತರದ ಎರಡನೆಯ ಓಟದಲ್ಲಿ ಮ್ಯಾಗ್ನೆಟೊ ಪರೀಕ್ಷೆ: 1700 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತುಗಳು) ಒಂದೊಂದೇ ಮ್ಯಾಗ್ನೆಟೊದಿಂದ ಓಡಿಸಿದಾಗ ಯಾವುದೇ ಒಂದರಲ್ಲಿ ಸುತ್ತು 125ಕ್ಕಿಂತ ಹೆಚ್ಚು ಇಳಿಯಬಾರದು, ಎರಡರ ನಡುವಿನ ವ್ಯತ್ಯಾಸ 50ನ್ನು ಮೀರಬಾರದು. ಇಳಿಕೆ ಕಡಿಮೆಯಿದೆಯೆಂದು ಸಂತೋಷಪಡುವುದಕ್ಕೂ ಮುಂಚೆ ಯೋಚಿಸಿ: ಟೈಮಿಂಗ್ ಜಾರಿ ಕಿಡಿ ಬೇಗನೆ ಹೊತ್ತುತ್ತಿದ್ದರೆ ಇಳಿಕೆ ಎಂದಿಗಿಂತ ಕಡಿಮೆಯಾಗಿಯೇ ಕಾಣುತ್ತದೆ, ಹಾರುವಾಗ ಮಾತ್ರ ಸಿಲಿಂಡರ್ ಕಾಯುತ್ತದೆ. ಎರಡೂ ಮ್ಯಾಗ್ನೆಟೊಗಳನ್ನು ಒಂದೇ ಸಲ ಬಿಚ್ಚಿಸುವುದು ನನಗೆ ಇಷ್ಟವಾಗದ ಪದ್ಧತಿ. ಆಗಿಹೋದದ್ದಕ್ಕೆ ಈಗೇನೂ ಮಾಡುವಂತಿಲ್ಲ, ಮುಂದಿನ ಸಲ ಒಂದೊಂದಾಗಿ ಮಾಡಿಸಿ. ಕೊನೆಯಲ್ಲಿ ಕೆಲವೇ ಸೆಕೆಂಡು ಪೂರ್ಣ ಥ್ರಾಟಲ್ ಕೊಟ್ಟು ಕೈಪಿಡಿಯಲ್ಲಿ ಹೇಳಿದಷ್ಟು ಆರ್‌ಪಿಎಂ ಬರುತ್ತದೆಯೇ ನೋಡಿ. ಬೆಂಗಳೂರಿನಂತೆ ಸಮುದ್ರಮಟ್ಟದಿಂದ 3000 ಅಡಿ ಮೇಲಿರುವ ಊರಿನಲ್ಲಿ ಬಿಸಿಲಿನ ಹೊತ್ತು ಇದನ್ನು ಓದುವಾಗ ನಾವು ಗಾಳಿಯ ಸಾಂದ್ರತೆಯ ಲೆಕ್ಕ ಹಾಕಿಕೊಳ್ಳುತ್ತೇವೆ. ಟೆಕ್ಸಾಸಿನ ಬೇಸಿಗೆಗೂ ಅದು ಅನ್ವಯಿಸುತ್ತದೆ.


ಬಲಸೀಟು ಉತ್ತರಿಸುತ್ತಾರೆ:

ಮೇಲಿನ ಉತ್ತರ ನೆಲದ ಭಾಗವನ್ನು ಚೆನ್ನಾಗಿ ಮುಗಿಸಿದೆ. ನಾನು ಅಮೆರಿಕದಲ್ಲಿ ಹಾರಾಟದ ಬೋಧಕ; ಕಾನೂನು ಮತ್ತು ಹಾರಾಟದ ಬಗ್ಗೆ ಬರೆಯುತ್ತೇನೆ.

ನಿಮಗೆ ಬೇಕಾದದ್ದು ಅಮೆರಿಕದ ವಾಯುಯಾನ ನಿಯಮಾವಳಿಯ 91.407ನೆಯ ನಿಯಮ. ನಿರ್ವಹಣೆಯಾದ ವಿಮಾನವನ್ನು ಅಧಿಕಾರವುಳ್ಳವರು ಮರಳಿ ಸೇವೆಗೆ ಒಪ್ಪಿ ದಾಖಲೆಯಲ್ಲಿ ನಮೂದಿಸಿರಬೇಕು ಎನ್ನುವುದು ಅದರ ಮೊದಲ ಭಾಗ. ಹಾರಾಟದ ಗುಣವನ್ನು ಗಣನೀಯವಾಗಿ ಬದಲಿಸಿರಬಹುದಾದ, ಅಥವಾ ಹಾರಾಟದಲ್ಲಿನ ಕಾರ್ಯವನ್ನು ಬಹುಮಟ್ಟಿಗೆ ಬಾಧಿಸಿರಬಹುದಾದ ಕೆಲಸ ನಡೆದಿದ್ದರೆ, ಕನಿಷ್ಠ ಖಾಸಗಿ ಪರವಾನಗಿಯುಳ್ಳ ಅರ್ಹ ಪೈಲಟ್ ಒಬ್ಬರು ವಿಮಾನವನ್ನು ಹಾರಿಸಿ, ಆದ ಕೆಲಸವನ್ನು ಪರೀಕ್ಷಿಸಿ, ಆ ಹಾರಾಟವನ್ನು ವಿಮಾನದ ದಾಖಲೆಯಲ್ಲಿ ಬರೆಯುವವರೆಗೆ ಸಿಬ್ಬಂದಿಯಲ್ಲದ ಯಾರನ್ನೂ ಒಯ್ಯುವಂತಿಲ್ಲ ಎನ್ನುವುದು ಎರಡನೆಯ ಭಾಗ. ನೆಲದ ಪರೀಕ್ಷೆಯಿಂದಲೇ ಬದಲಾವಣೆಯಿಲ್ಲವೆಂದು ನಿರ್ವಿವಾದವಾಗಿ ಸಾಬೀತಾದರೆ ಹಾರಿಸಬೇಕಾಗಿಲ್ಲವೆಂಬ ವಿನಾಯಿತಿಯೂ ಇದೆ, ಆದರೆ ಐಲೆರಾನ್ ಕೇಬಲ್ಲುಗಳನ್ನು ಬದಲಿಸಿದವರು ಆ ವಿನಾಯಿತಿಯ ಮೊರೆಹೋಗುವುದು ಜಾಣತನವಲ್ಲ. 91.305ರ ಪ್ರಕಾರ ಪರೀಕ್ಷಾ ಹಾರಾಟವನ್ನು ತೆರೆದ ನೀರಿನ ಮೇಲೆ ಅಥವಾ ಜನ ವಿರಳವಾಗಿರುವ, ವಿಮಾನಗಳ ಓಡಾಟ ಕಡಿಮೆಯಿರುವ ಪ್ರದೇಶದ ಮೇಲೆ ಮಾಡಬೇಕು. ಹೊಲಗಳ ನಡುವಿನ ನಿಮ್ಮ ಕ್ಷೇತ್ರ ಅದಕ್ಕೆ ಹೇಳಿಮಾಡಿಸಿದಂತಿದೆ. ಹಾರುವ ಮುಂಚೆ ವಿಮೆಯ ಕಂಪನಿಯನ್ನು ಒಂದು ಮಾತು ಕೇಳಿಟ್ಟುಕೊಳ್ಳಿ.

ಕಾನೂನಿನ ಪ್ರಕಾರ ನೀವೇ ಹಾರಿಸಬಹುದು. ಆದರೆ ತಿಂಗಳುಗಟ್ಟಲೆ ಹಾರದ ಪೈಲಟ್ ತಿಂಗಳುಗಟ್ಟಲೆ ಹಾರದ ವಿಮಾನವನ್ನು ಏರುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಬೇರೊಂದು 172ರಲ್ಲಿ ಬೋಧಕರೊಡನೆ ಹೋಗಿ, ಟೇಕಾಫ್ ಆದ ಕೂಡಲೇ ಇಂಜಿನ್ ನಿಂತರೆ ಏನು ಮಾಡಬೇಕೆನ್ನುವುದನ್ನು ಕೈಗೆ ಮತ್ತೆ ಕಲಿಸಿ. ಪರೀಕ್ಷಾ ಹಾರಾಟಕ್ಕೆ ಇದೇ ಮಾದರಿಯನ್ನು ಈಚೆಗೆ ಬಹಳ ಹಾರಿಸಿರುವ ಒಬ್ಬರು ಸಿಕ್ಕರೆ ಅವರೇ ಹಾರಿಸಲಿ. ಮಾಲೀಕತ್ವ ಒಂದು ಅರ್ಹತೆಯಲ್ಲ.

ಹವಾಮಾನದ ವಿಷಯದಲ್ಲಿ ಜಿಪುಣರಾಗಿ: ಹಗಲು, ಎತ್ತರದ ಮೋಡ ಅಥವಾ ಸ್ವಚ್ಛ ಆಕಾಶ, ರನ್‌ವೇಗೆ ನೇರವಾದ ತೆಳುಗಾಳಿ, ಬೆಳಗಿನ ತಂಪು. ಟೇಕಾಫಿಗೆ ಮೊದಲೇ ಯಾವ ಸ್ಥಿತಿಯಲ್ಲಿ ಕೈಬಿಡುತ್ತೀರೆಂದು ಬಾಯಿಬಿಟ್ಟು ಹೇಳಿಕೊಳ್ಳಿ. ಸಣ್ಣ ವಿಮಾನಗಳಿಗೆ ಬಳಕೆಯಲ್ಲಿರುವ ಒಂದು ಲೆಕ್ಕವೆಂದರೆ, ರನ್‌ವೇಯ ಅರ್ಧಕ್ಕೆ ಬರುವಷ್ಟರಲ್ಲಿ ನೆಲ ಬಿಡುವ ವೇಗದ 70 ಪ್ರತಿಶತ ಬಂದಿರದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸುವುದು. 5000 ಅಡಿಯಲ್ಲಿ ನೀವು ಅರ್ಧಕ್ಕೆ ಬಹಳ ಮುಂಚೆಯೇ ಗಾಳಿಯಲ್ಲಿರಬೇಕು, ಆದ್ದರಿಂದ ನಿಮ್ಮ ಗೆರೆಯನ್ನು ಇನ್ನೂ ಹಿಂದಕ್ಕೆ ಎಳೆದುಕೊಳ್ಳಿ. ವೇಗಮಾಪಕದ ಮುಳ್ಳು ಎದ್ದಿತೆ, ಎಣ್ಣೆಯ ಒತ್ತಡ ಹಸಿರಿನಲ್ಲಿದೆಯೇ, ಪೂರ್ಣ ಆರ್‌ಪಿಎಂ ಬಂತೆ ಎಂಬ ಮೂರು ನೋಟಗಳಲ್ಲಿ ಒಂದು ತಪ್ಪಿದರೂ ಹಾರಾಟ ಮುಗಿಯಿತು. ನೆಲ ಬಿಟ್ಟ ಕೂಡಲೇ, ಮುಂದೆ ಇನ್ನೂ ರನ್‌ವೇ ಉಳಿದಿರುವಾಗಲೇ, ಎಡಕ್ಕೂ ಬಲಕ್ಕೂ ಒಂದಿಷ್ಟೇ ವಾಲಿಸಿ ನೋಡಿ. ರೆಕ್ಕೆ ಉಲ್ಟಾ ಉತ್ತರ ಕೊಟ್ಟರೆ ಥ್ರಾಟಲ್ ಎಳೆದು ನೇರವಾಗಿ ಇಳಿಸುವುದಕ್ಕೆ ಜಾಗವಿರುತ್ತದೆ. ಅದಾದ ಮೇಲೆ ಸುರಕ್ಷಿತ ಎತ್ತರ ಬರುವವರೆಗೆ ಹಿಂದಿರುಗಿ ರನ್‌ವೇಗೆ ತಿರುಗುವ ಆಲೋಚನೆಯೇ ಬೇಡ; ಇಂಜಿನ್ ನಿಂತರೆ ಮೂಗು ತಗ್ಗಿಸಿ, 65 ನಾಟ್ ಹಿಡಿದು, ಎದುರಿಗಿರುವ ಹೊಲಕ್ಕಿಳಿಯಿರಿ.

ಏರುವಾಗ ಸಾಧಾರಣಕ್ಕಿಂತ ಹೆಚ್ಚಿನ ವೇಗದಲ್ಲಿ, ಓರೆ ಕಡಿಮೆ ಮಾಡಿ ಏರಿದರೆ ಸಿಲಿಂಡರುಗಳಿಗೆ ಗಾಳಿ ಸಿಗುತ್ತದೆ. ಲೈಕಮಿಂಗ್ ಉಷ್ಣತೆಯ ಕೆಂಪುಗೆರೆ 500 ಡಿಗ್ರಿ ಫ್ಯಾರನ್‌ಹೀಟ್ ಆದರೂ, ಹೊಸ ಸಿಲಿಂಡರ್ 430 ದಾಟಿದರೆ ನಾನು ಮೂಗು ತಗ್ಗಿಸುತ್ತೇನೆ. ಪೆಟ್ರೋಲ್-ಗಾಳಿಯ ಮಿಶ್ರಣ ಪೂರ್ಣ ರಿಚ್ (ಪೆಟ್ರೋಲ್ ಹೆಚ್ಚು) ಇರಲಿ. ಇಲ್ಲಿ ಸುರಕ್ಷತೆಗೂ ಸಿಲಿಂಡರಿನ ಪಳಗಿಕೆಗೂ ಸಣ್ಣ ಜಗಳವೊಂದಿದೆ. ಎತ್ತರವಿದ್ದಷ್ಟೂ ತೇಲಿಕೊಂಡು ರನ್‌ವೇ ತಲುಪುವುದು ಸುಲಭ, ಆದರೆ ಟರ್ಬೊ ಇಲ್ಲದ ಇಂಜಿನ್ ಎತ್ತರ ಹೋದಂತೆ ಶಕ್ತಿ ಕಳೆದುಕೊಂಡು ಪಳಗಿಕೆಗೆ ಬೇಕಾದ 65ರಿಂದ 75 ಪ್ರತಿಶತ ಶಕ್ತಿಯನ್ನು ಕೊಡಲಾರದು. ನೆಲದಿಂದ ಸುಮಾರು 3000 ಅಡಿ ಮೇಲೆ, ಕ್ಷೇತ್ರದ ನೆತ್ತಿಯ ಮೇಲೆಯೇ ದೊಡ್ಡ ವೃತ್ತದಲ್ಲಿ ಸುತ್ತುವುದು ಎರಡಕ್ಕೂ ಒಗ್ಗುತ್ತದೆ. ಇತರ ವಿಮಾನಗಳಿಗೆ ತೊಂದರೆಯಾಗದಂತೆ ರೇಡಿಯೊದಲ್ಲಿ ತಿಳಿಸುತ್ತಿರಿ. ಟಚ್ ಆಂಡ್ ಗೋ (ಇಳಿದು ನಿಲ್ಲದೆ ಮತ್ತೆ ಏರುವುದು) ಮಾಡುತ್ತಾ ರನ್‌ವೇ ಸುತ್ತಲಿನ ಸರ್ಕ್ಯೂಟಿನಲ್ಲಿ ತಿರುಗುವುದು ಕ್ಷೇಮವೆನಿಸಿದರೂ ವಾಸ್ತವದಲ್ಲಿ ಎರಡು ಬಗೆಯಲ್ಲೂ ಕೆಟ್ಟದ್ದು: ಮತ್ತೆ ಮತ್ತೆ ಕಡಿಮೆ ಎತ್ತರದ ಟೇಕಾಫ್, ಮತ್ತೆ ಮತ್ತೆ ಕಡಿಮೆ ಶಕ್ತಿ.

ನೇರ ಹಾರಾಟಕ್ಕೆ ಬಂದ ಮೇಲೆ ಹಿಡಿಕೆಯನ್ನು ಹಗುರವಾಗಿ ಬಿಟ್ಟು ರೆಕ್ಕೆ ಯಾವ ಬದಿಗೆ ವಾಲುತ್ತದೆ ನೋಡಿ ಬರೆದುಕೊಳ್ಳಿ. 30 ಡಿಗ್ರಿವರೆಗಿನ ತಿರುವುಗಳಲ್ಲಿ ಎರಡೂ ಕಡೆಯ ಪ್ರತಿಕ್ರಿಯೆ ಸಮವಾಗಿದೆಯೇ ನೋಡಿ. ಅಷ್ಟು ಸಾಕು, ಸ್ಟಾಲ್ (ವೇಗ ತಗ್ಗಿ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು), ಕಡಿದಾದ ತಿರುವು ಇವು ಈ ಹಾರಾಟದ ಕೆಲಸವಲ್ಲ. ಉಂಗುರಗಳು ಕೂತಾಗ ಆ ಸಿಲಿಂಡರಿನ ಉಷ್ಣತೆ ತಾನಾಗಿ ಇಳಿದು ಸ್ಥಿರವಾಗುವುದನ್ನು ನಿಮ್ಮ ಮಾನಿಟರಿನಲ್ಲಿ ಕಾಣಬಹುದು, ಆದರೆ ಅದು ಮೊದಲ ಹಾರಾಟದಲ್ಲೇ ಆಗಬೇಕೆಂದಿಲ್ಲ. ಇಳಿಯುವಾಗ ಶಕ್ತಿಯನ್ನು ಒಮ್ಮೆಲೇ ತೆಗೆಯದೆ ಸ್ವಲ್ಪಸ್ವಲ್ಪವಾಗಿ ತಗ್ಗಿಸಿ. ಎಣ್ಣೆಯ ಬಳಕೆ ಸ್ಥಿರವಾಗುವವರೆಗೆ ಅಥವಾ 50 ಗಂಟೆಗಳವರೆಗೆ ಮಿನರಲ್ ಎಣ್ಣೆ ಬಳಸಬೇಕೆನ್ನುವುದು ಲೈಕಮಿಂಗ್ ಸೂಚನೆ. ನಿಮ್ಮ ಮೆಕ್ಯಾನಿಕ್ ಯಾವುದನ್ನು ತುಂಬಿದ್ದಾರೆಂದು ಕೇಳಿ.


ಮೋಡದಂಚು ಬರೆಯುತ್ತಾರೆ:

ಇಬ್ಬರಿಗೂ ಕೃತಜ್ಞತೆಗಳು. ಎರಡು ಸಂಶಯಗಳು ಉಳಿದಿವೆ. ಹಾರುವ ಮುಂಚೆ ರನ್‌ವೇಯಲ್ಲಿ ವೇಗವಾಗಿ ಓಡಿಸಿ, ನೆಲ ಬಿಡುವ ಮುನ್ನ ನಿಲ್ಲಿಸಿ ನೋಡುವುದು ಒಳ್ಳೆಯದಲ್ಲವೇ? ಎರಡನೆಯದಾಗಿ, ಬಲಗಡೆ ಯಾರು ಕೂರಬೇಕೆಂಬುದಕ್ಕೆ ಇನ್ನೂ ಸ್ಪಷ್ಟ ಉತ್ತರ ಸಿಗಲಿಲ್ಲ. ಒಂದು ಮಾತು ಹೇಳುವುದು ಮರೆತಿದ್ದೆ: ತಪಾಸಣೆ ಮುಗಿದ ಮೇಲೆ ವಿಮಾನವನ್ನು ತೊಳೆದಿದ್ದಾರೆ.


ಹಳೇ ಲಾಗ್‌ಬುಕ್ ಉತ್ತರಿಸುತ್ತಾರೆ:

ತೊಳೆದಿದ್ದಾರೆ ಎನ್ನುವುದನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ, ನಾನಾದರೆ ಮೊದಲ ಸಾಲಿನಲ್ಲಿ ಬರೆಯುತ್ತಿದ್ದೆ. 1996ರ ಅಕ್ಟೋಬರ್ 2ರಂದು ಏರೊಪೆರು ಸಂಸ್ಥೆಯ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 70 ಮಂದಿ ಸತ್ತದ್ದು, ಎತ್ತರ ಮತ್ತು ವೇಗದ ಮಾಪಕಗಳಿಗೆ ಹೊರಗಿನ ಗಾಳಿಯ ಒತ್ತಡ ತಿಳಿಸುವ ಸ್ಟ್ಯಾಟಿಕ್ ರಂಧ್ರಗಳಿಗೆ ತೊಳೆಯುವಾಗ ಅಂಟಿಸಿದ ಟೇಪನ್ನು ಕೀಳದೆ ಬಿಟ್ಟದ್ದರಿಂದ. 2008ರ ನವೆಂಬರ್ 27ರಂದು ಫ್ರಾನ್ಸಿನ ಪರ್ಪಿನ್ಯಾನ್ ಬಳಿ ಏರ್‌ಬಸ್ ಎ320 ಒಂದು ನಿರ್ವಹಣೆ ಮತ್ತು ಬಣ್ಣ ಮುಗಿಸಿ, ಗುತ್ತಿಗೆಯಿಂದ ಮಾಲೀಕರಿಗೆ ಮರಳುವ ಮುಂಚಿನ ಪರೀಕ್ಷಾ ಹಾರಾಟದಲ್ಲಿ ಸಮುದ್ರಕ್ಕೆ ಬಿದ್ದು ಏಳೂ ಮಂದಿ ಸತ್ತರು. ಅಲ್ಲಿ ತೊಳೆಯುವಾಗ ರಕ್ಷಣಾ ಹೊದಿಕೆ ಹಾಕದೆ ನೀರು ಹಾಯಿಸಿದ್ದರಿಂದ ಆಕ್ರಮಣ ಕೋನದ (ಎದುರುಗಾಳಿಗೆ ರೆಕ್ಕೆ ಇರುವ ಓರೆಯ) ಸಂವೇದಕಗಳೊಳಗೆ ನೀರು ಹೊಕ್ಕು, ಎತ್ತರದಲ್ಲಿ ಹೆಪ್ಪುಗಟ್ಟಿ, ಅವು ಅಲುಗಾಡದೆ ನಿಂತಿದ್ದವು. ಕಡಿಮೆ ವೇಗದ ಪರೀಕ್ಷೆಯನ್ನು ಪೈಲಟ್‌ಗಳು ಸಾಕಷ್ಟು ಎತ್ತರದಲ್ಲಿ ಮಾಡದೆ, ಇಳಿಯಲು ಹೊರಟಿದ್ದ ಹೊತ್ತಿನಲ್ಲಿ, ಸುಮಾರು 3000 ಅಡಿಯಲ್ಲಿ ಪೂರ್ವಸಿದ್ಧತೆಯಿಲ್ಲದೆ ಕೈಗೆತ್ತಿಕೊಂಡರು. ನಿಮ್ಮ 172ರಲ್ಲಿ ಅಂಥ ಸಂವೇದಕಗಳಿಲ್ಲ ನಿಜ, ಆದರೆ ವೇಗ ಅಳೆಯಲು ಎದುರುಗಾಳಿ ಹಿಡಿಯುವ ಪಿಟೋಟ್ ಕೊಳವೆ, ಸ್ಟ್ಯಾಟಿಕ್ ರಂಧ್ರ, ರೆಕ್ಕೆಯ ಕೆಳಗಿನ ಪೆಟ್ರೋಲ್ ತೊಟ್ಟಿಯ ಗಾಳಿಕೊಳವೆ, ತೊಟ್ಟಿಗಳ ಮುಚ್ಚಳದಿಂದ ಇಳಿದಿರಬಹುದಾದ ನೀರು ಇವನ್ನೆಲ್ಲ ನೋಡಲೇಬೇಕು. ಹಾಗೆಯೇ, ಪಟ್ಟಿಯಲ್ಲಿಲ್ಲದ ಯಾವ ಪರೀಕ್ಷೆಯನ್ನೂ ‘ಹೇಗೂ ಮೇಲೆ ಬಂದಿದ್ದೇವೆ’ ಎಂದು ಸೇರಿಸಿಕೊಳ್ಳಬೇಡಿ.

ನಿರ್ವಹಣೆ ಆದ ಕೂಡಲೇ ದೋಷಗಳು ಹೆಚ್ಚು ಎನ್ನುವುದು ಬರಿಯ ಹ್ಯಾಂಗರಿನ ಮಾತಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕರಾವಳಿ ಕಾವಲು ವಿಮಾನಗಳ ಲೆಕ್ಕ ನೋಡಿದ ಜೀವವಿಜ್ಞಾನಿ ಸಿ. ಎಚ್. ವಾಡಿಂಗ್ಟನ್ ಮತ್ತು ಸಂಗಡಿಗರಿಗೆ, ನಿಗದಿತ ತಪಾಸಣೆ ಮುಗಿದ ತಕ್ಷಣ ಕೆಡುವ ಪ್ರಮಾಣ ಏರಿ, ಹಾರುತ್ತಾ ಹೋದಂತೆ ಇಳಿಯುವುದು ಕಂಡಿತು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸಿನ ನೌಲನ್ ಮತ್ತು ಹೀಪ್ ಸಿದ್ಧಪಡಿಸಿದ ವರದಿಯಲ್ಲಿ, ಪರಿಶೀಲಿಸಿದ ಭಾಗಗಳ ಪೈಕಿ 68 ಪ್ರತಿಶತ ಭಾಗಗಳು ಹೊಸದಾಗಿ ಹಾಕಿದಾಗ ಹೆಚ್ಚು ಕೆಟ್ಟು ಆಮೇಲೆ ಸ್ಥಿರವಾಗುವ ಗುಂಪಿಗೆ ಸೇರಿದ್ದವು. ದೋಷಗಳ ಪ್ರಮಾಣವನ್ನು ಗೆರೆಯಾಗಿ ಎಳೆದರೆ, ನಿಮ್ಮದು ಈಗ ಅದರ ಎತ್ತರದ ತುದಿಯಲ್ಲಿರುವ ವಿಮಾನ.

ವೇಗದ ಓಟದ ಬಗ್ಗೆ ನನ್ನ ಮತ ಬೇಡವೆಂದು. ಹೊಸದಾಗಿ ಕಟ್ಟಿದ, ಎಂದೂ ಹಾರದ ವಿಮಾನಗಳಿಗೆ ಅದು ಉಪಯುಕ್ತ. ನಿಮ್ಮದು ದಶಕಗಳಿಂದ ಹಾರಿರುವ ಮಾದರಿ. 50 ನಾಟ್ ಹತ್ತಿರ ಮೂಗಿನ ಚಕ್ರ ಹಗುರವಾಗಿ, ಹಾರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡುವ ಸ್ಥಿತಿಯನ್ನು ಕೈಯಾರೆ ತಂದುಕೊಳ್ಳುತ್ತೀರಿ, ಬ್ರೇಕ್ ಕಾಯಿಸುತ್ತೀರಿ, ಹೊಸ ಸಿಲಿಂಡರುಗಳನ್ನೂ ಕಾಯಿಸುತ್ತೀರಿ. ಅದರಿಂದ ಸಿಗುವ ಉತ್ತರವೆಲ್ಲ ನಿಂತಲ್ಲೇ ಐಲೆರಾನ್ ನೋಡುವುದರಿಂದ ಸಿಗುತ್ತದೆ. ಬ್ರೇಕ್ ಪರೀಕ್ಷೆಗೆ ನಿಧಾನದ ಟ್ಯಾಕ್ಸಿ ಸಾಕು.

ಬಲಗಡೆಯ ಸೀಟಿನ ಪ್ರಶ್ನೆಗೆ ಒಂದು ಹಳೆಯ ಘಟನೆಯನ್ನು ನೆನಪಿಸುತ್ತೇನೆ. 1947ರ ಆಗಸ್ಟ್ 23ರಂದು ಇಂಗ್ಲೆಂಡಿನ ವುಡ್‌ಫರ್ಡ್‌ನಲ್ಲಿ ಅವ್ರೊ ಟ್ಯೂಡರ್ ವಿಮಾನದ ಮಾದರಿಯೊಂದು ಟೇಕಾಫ್ ಆದ ಕೂಡಲೇ ಬಿದ್ದಿತು. ಹಿಂದಿನ ದುರಸ್ತಿಯಲ್ಲಿ ಐಲೆರಾನ್ ಕೇಬಲ್ಲುಗಳು ಅದಲುಬದಲಾಗಿದ್ದವು. ಸತ್ತವರಲ್ಲಿ ಪರೀಕ್ಷಾ ಪೈಲಟ್ ಬಿಲ್ ಥಾರ್ನ್ ಜೊತೆಗೆ, ಲ್ಯಾಂಕಾಸ್ಟರ್ ಬಾಂಬರಿನ ವಿನ್ಯಾಸಕಾರ ರಾಯ್ ಚಾಡ್ವಿಕ್ ಕೂಡ ಇದ್ದರು. ಆ ಹಾರಾಟದಲ್ಲಿ ವಿನ್ಯಾಸಕಾರರು ಒಳಗೆ ಇರುವುದರಿಂದ ಯಾವ ಪರೀಕ್ಷೆಯೂ ಹೆಚ್ಚು ಚೆನ್ನಾಗಿ ನಡೆಯುತ್ತಿರಲಿಲ್ಲ. ನಿಮ್ಮ ಪಾಲುದಾರರಿಗೂ ಇದನ್ನೇ ಹೇಳಿ. ಅವರು ನೆಲದ ಮೇಲೆ ಕೈರೇಡಿಯೊ ಹಿಡಿದು ನಿಂತರೆ ಹೆಚ್ಚು ಉಪಯೋಗ. ಮೆಕ್ಯಾನಿಕ್ ಕೂಡ ಬೇಡ.


ತಾಮ್ರತಂತಿ ಉತ್ತರಿಸುತ್ತಾರೆ:

ಪಾಲುದಾರರ ವಿಷಯದಲ್ಲಿ ಒಪ್ಪುತ್ತೇನೆ, ಮೆಕ್ಯಾನಿಕ್ ವಿಷಯದಲ್ಲಿ ಪೂರ್ತಿ ಒಪ್ಪಲಾರೆ. ಸಹಿ ಮಾಡಿದವನು ಮೊದಲ ಹಾರಾಟದಲ್ಲಿ ತಾನೂ ಕೂರಬೇಕಾಗಬಹುದು ಎಂಬ ಅರಿವು ಸ್ಪ್ಯಾನರ್ ಹಿಡಿದ ಕೈಯನ್ನು ಎಚ್ಚರವಾಗಿಡುತ್ತದೆ. ಇದನ್ನು ನಾನು ಹ್ಯಾಂಗರಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಆದರೆ ‘ನಾನು ಬರುತ್ತೇನೆ’ ಎನ್ನುವ ಮೆಕ್ಯಾನಿಕ್ಕಿನ ಧೈರ್ಯವನ್ನು ತಪಾಸಣೆಯ ಬದಲಿಗೆ ಸ್ವೀಕರಿಸಬಾರದು. ಅವರಿಗೆ ತಮ್ಮ ಕೆಲಸದ ಮೇಲೆ ನಂಬಿಕೆಯಿದೆ ಎನ್ನುವುದಷ್ಟೇ ಅದರಿಂದ ತಿಳಿಯುವುದು. ಕೇಬಲ್ ತಿರುಗುಮುರುಗಾಗಿ ಕಟ್ಟಿದವರಿಗೂ ಅಷ್ಟೇ ನಂಬಿಕೆ ಇರುತ್ತದೆ.

ಅವರ ಕಣ್ಣು ನಿಜವಾಗಿ ಬೇಕಾಗಿರುವುದು ವಿಮಾನ ಇಳಿದ ಮೇಲೆ. ಮೊದಲ ಹಾರಾಟ ಅರ್ಧ ಗಂಟೆಯಷ್ಟಿರಲಿ. ಇಳಿದ ಕೂಡಲೇ ಕೌಲಿಂಗ್ ಬಿಚ್ಚಿಸಿ, ರಾಕರ್ ಮುಚ್ಚಳದ ಗ್ಯಾಸ್ಕೆಟ್, ಪುಶ್‌ರಾಡ್ ಕೊಳವೆಯ ಬುಡ, ಸಿಲಿಂಡರ್ ಕ್ರ್ಯಾಂಕ್‌ಕೇಸಿಗೆ ಕೂಡುವ ಜಾಗ, ಎಕ್ಸಾಸ್ಟಿನ ಕೂಡುಗಳು ಇವನ್ನೆಲ್ಲ ಅವರಿಂದಲೇ ನೋಡಿಸಿ. ಎಣ್ಣೆಯ ಮಟ್ಟವನ್ನು ಅಳೆದು ಬರೆದಿಡಿ. ಮಾನಿಟರಿನಲ್ಲಿ ದಾಖಲಾದ ಉಷ್ಣತೆಗಳನ್ನು ಇಬ್ಬರೂ ಕೂಡಿ ನೋಡಿ. ಹಳೆಯ ಬಲಬದಿಯ ಎರಡು ಸಿಲಿಂಡರುಗಳು ಕೂಡ ಎಂದಿಗಿಂತ ಹೆಚ್ಚು ಕಾದಿದ್ದರೆ ಸಂಶಯವನ್ನು ಹೊಸ ಸಿಲಿಂಡರಿನ ಮೇಲಿಂದ ಟೈಮಿಂಗಿನ ಮೇಲಕ್ಕೂ, ಸರಿಯಾಗಿ ಕೂರದ ತಗಡಿನ ತಡೆಗಳ ಮೇಲಕ್ಕೂ ತಿರುಗಿಸಬೇಕು.


ಬಲಸೀಟು ಉತ್ತರಿಸುತ್ತಾರೆ:

ಸೀಟಿನ ಪ್ರಶ್ನೆಗೆ ನಿಯಮದ ಕಡೆಯಿಂದ ಉತ್ತರ ಇಷ್ಟು. ಹಾರಾಟದ ಸಮಯದಲ್ಲಿ ವಿಮಾನದಲ್ಲಿ ಕರ್ತವ್ಯ ವಹಿಸಲ್ಪಟ್ಟ ವ್ಯಕ್ತಿಯೇ ಸಿಬ್ಬಂದಿ ಎನ್ನುವುದು ವ್ಯಾಖ್ಯೆ. ಜೊತೆಯಲ್ಲಿ ಹಾರುವ ಬೋಧಕರೋ ಇನ್ನೊಬ್ಬ ಅರ್ಹ ಪೈಲಟ್ಟೋ ಅದರೊಳಗೆ ಸಲೀಸಾಗಿ ಬರುತ್ತಾರೆ. ಮಾಪಕ ನೋಡುತ್ತೇನೆಂದು ಕೂರುವ ಮೆಕ್ಯಾನಿಕ್ ಬರುತ್ತಾರೆಯೇ ಎನ್ನುವುದರ ಬಗ್ಗೆ ಇಲ್ಲಿ ವಾದಗಳಿವೆ. ಆ ವಾದವನ್ನು ಅಪಘಾತದ ನಂತರ ವಿಮಾ ಕಂಪನಿಯ ಎದುರು ಮಂಡಿಸುವ ಗತಿ ಬರದಿರಲಿ. ಆದ್ದರಿಂದ ನನ್ನ ಶಿಫಾರಸು: ಈಚಿನ ಅಭ್ಯಾಸವಿರುವ ಒಬ್ಬ ಪೈಲಟ್ ಮಾತ್ರ, ಅಥವಾ ಕೆಲಸವನ್ನು ಮುಂಚೆಯೇ ಹಂಚಿಕೊಂಡ ಇಬ್ಬರು ಪೈಲಟ್‌ಗಳು, ಒಬ್ಬರು ಹೊರಗೆ ನೋಡುತ್ತಾ ಹಾರಿಸುವುದು, ಮತ್ತೊಬ್ಬರು ಮಾನಿಟರ್ ಓದುವುದು.

ಹಾರಾಟ ಮುಗಿದ ಮೇಲೆ ಅದನ್ನು ನಿಮ್ಮ ಸ್ವಂತ ಲಾಗ್‌ಬುಕ್ಕಿನಲ್ಲಿ ಬರೆದರೆ ಸಾಲದು, ವಿಮಾನದ ದಾಖಲೆಯಲ್ಲಿ ಬರೆಯಬೇಕು ಎನ್ನುವುದನ್ನು ಬಹಳ ಮಂದಿ ಮರೆಯುತ್ತಾರೆ. ದಿನಾಂಕ, ಟ್ಯಾಕೊಮೀಟರಿನ (ಇಂಜಿನ್ ಸುತ್ತುಮಾಪಕದ) ಗಂಟೆ, ಯಾವ ಕೆಲಸದ ನಂತರ ಹಾರಿಸಲಾಯಿತು, ಏನನ್ನು ಪರೀಕ್ಷಿಸಲಾಯಿತು, ಫಲಿತಾಂಶವೇನು, ಹಾರಿಸಿದವರ ಸಹಿ ಮತ್ತು ಪರವಾನಗಿಯ ಸಂಖ್ಯೆ ಇಷ್ಟನ್ನು ಬರೆಯಿರಿ. ರೆಕ್ಕೆ ಒಂದು ಬದಿಗೆ ಭಾರವಾಗಿದೆ ಎಂಬಂಥ ಸಣ್ಣ ಸಂಗತಿಯಿದ್ದರೂ ಬಿಡದೆ ನಮೂದಿಸಿ, ಅದನ್ನು ಸರಿಪಡಿಸಿ ಮತ್ತೊಮ್ಮೆ ಅದೇ ಕ್ರಮದಲ್ಲಿ ಹಾರಿಸಿ ನೋಡುವವರೆಗೆ ಪಾಲುದಾರರನ್ನಾಗಲೀ ಮನೆಯವರನ್ನಾಗಲೀ ಹತ್ತಿಸಿಕೊಳ್ಳಬೇಡಿ.